ವಸಂತಣ್ಣ ಟಿವಿಯಲ್ಲಿ ಬಂದ ಶುಕ್ರವಾರ

ಶುಕ್ರವಾರವೇ ನಮಗೆ ಭಾನುವಾರವಾಗಿದ್ದ ಕಾಲ ಅದು. ದುಬೈಯ ನೈಫಿನಲ್ಲಿ ನಮ್ಮ ಮನೆ. ಕೆಳಗಿನ ಅಂಗಡಿಗಳ ಅತ್ತರು, ಅಮ್ಮ ಕರಿಯುವ ಗೋಳಿಬಜೆ, ಎರಡರ ಪರಿಮಳವೂ ಬೆರೆತ ಕಾರಿಡಾರಿನಲ್ಲಿ ನಾವು ಮಕ್ಕಳು ಕ್ರಿಕೆಟ್ ಆಡುತ್ತಿದ್ದೆವು. ನನಗೆ ಆಗ ಹತ್ತು ವರ್ಷ. ಪಪ್ಪ ಊರಿನ ಒಂದು ಟಿವಿ ಚಾನೆಲ್ಲಿಗೆ ಗಲ್ಫ್ ಸುದ್ದಿಯ ವಾರದ ಕಾರ್ಯಕ್ರಮ ಮಾಡುತ್ತಿದ್ದರು.

ವಸಂತಣ್ಣ ಕಾರ್ಕಳದ ಕಡೆಯವರು. ಮುಹೈಸ್ನಾದ ಲೇಬರ್ ಕ್ಯಾಂಪಿನಲ್ಲಿದ್ದು ಕಟ್ಟಡಗಳಿಗೆ ಕಬ್ಬಿಣ ಕಟ್ಟುತ್ತಿದ್ದರು. ರಜೆಯಲ್ಲಿ ನಮ್ಮಲ್ಲಿಗೆ ಬಂದರೆ ನನ್ನ ಬೌಲಿಂಗಿಗೆ ಬೇಕೆಂದೇ ಔಟಾಗುತ್ತಿದ್ದರು. ಒಂದು ಶುಕ್ರವಾರ ಅವರ ಎಡಗಿವಿಗೆ ಬ್ಯಾಂಡೇಜ್ ಇತ್ತು. ಸೈಟಿನ ಸೂಪರ್‌ವೈಸರ್ ‘ಕಾಲಾ ಬಂದರ್’, ಕರಿ ಮಂಗ ಎಂದು ಹಿಂದಿಯಲ್ಲಿ ಬೈದು ಹೆಲ್ಮೆಟ್ಟಿನಿಂದ ಹೊಡೆದಿದ್ದನಂತೆ.

“ಇದನ್ನು ಕ್ಯಾಮೆರಾ ಎದುರು ಹೇಳ್ತೀರಾ?” ಪಪ್ಪ ಕೇಳಿದರು.

“ಕೆಲಸ ಹೋದ್ರೆ ಎಂತ ಮಾಡುದು ಅಣ್ಣ?”

“ಮುಖ ತೋರಿಸುದಿಲ್ಲ ಮಾರಾಯ್ರೆ. ನಾನಿದ್ದೇನಲ್ಲ.”

ನಮ್ಮ ಹಾಲಿನಲ್ಲೇ ಶೂಟಿಂಗ್. ಮೈಕ್ ಸರಿಯಿದೆಯೇ ಎಂದು ನೋಡಲು ಪಪ್ಪ, “ಬೆಳಿಗ್ಗೆ ಎಂತ ತಿಂದ್ರಿ?” ಎಂದರು. “ಅಕ್ಕನ ಗೋಳಿಬಜೆ! ದುಬೈಯಲ್ಲಿ ನಮಗೆಂತ ಕಡಿಮೆ?” ಎಂದು ವಸಂತಣ್ಣ ಬಾಯ್ತುಂಬ ನಕ್ಕರು. ಆಮೇಲೆ ಕ್ಯಾಮೆರಾಕ್ಕೆ ಬೆನ್ನು ಮಾಡಿ ಕೂತು ಬೈಗುಳ, ಹೊಡೆತ, ತನ್ನ ಜೊತೆ ಪೆಟ್ಟು ತಿಂದ ಇನ್ನಿಬ್ಬರ ಸಂಗತಿ, ಎಲ್ಲವನ್ನೂ ಹೇಳಿದರು. ದೊಡ್ಡವರೊಬ್ಬರು ಬಿಕ್ಕಿ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು.

ಎರಡು ವಾರದ ಬಳಿಕ ಪ್ರಸಾರ. ಆ ಇಬ್ಬರನ್ನೂ ಕರೆದುಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ವಸಂತಣ್ಣ ನಮ್ಮಲ್ಲಿಗೇ ಬಂದರು. ಪರದೆಯ ಮೇಲೆ ‘ಗಲ್ಫಿನಲ್ಲಿ ನಮ್ಮವರ ರಜಾದಿನ’ ಎಂಬ ಅಕ್ಷರಗಳು ಬಂದವು. ಹಿಂದೆಯೇ ವಸಂತಣ್ಣನ ಮುಖ. ಬ್ಯಾಂಡೇಜ್ ಕಟ್ಟಿದ ಕಿವಿ ಕಾಣದಂತೆ ಚಿತ್ರವನ್ನು ಕತ್ತರಿಸಿದ್ದರು. “ದುಬೈಯಲ್ಲಿ ನಮಗೆಂತ ಕಡಿಮೆ?” ಎಂದು ನಕ್ಕರು. ಅಷ್ಟೇ. ಮುಂದೆ ಚಿನ್ನದಂಗಡಿಯ ಜಾಹೀರಾತು.

ಜೊತೆಗಿದ್ದವರು ಟಿವಿ ಬಿಟ್ಟು ಅವರನ್ನೇ ನೋಡತೊಡಗಿದರು.

“ಅಣ್ಣ, ನಾನು ಹೇಳಿದ್ದು ಮುಂದಿನ ವಾರವಾ?” ವಸಂತಣ್ಣನ ಸ್ವರ ಸಣ್ಣದಾಗಿತ್ತು.

ಪಪ್ಪ ಲೋಟ ಎತ್ತಿಕೊಂಡರು. “ಹ್ಞಾಂ. ಮುಂದಿನ ವಾರ.”

“ಪಾರ್ಟ್ ಟೂ!” ಎಂದು ನಾನು ಕುಣಿದೆ.

ಮುಂದಿನ ಶುಕ್ರವಾರ ಆಟಕ್ಕೂ ಹೋಗದೆ ಟಿವಿ ಮುಂದೆ ಕೂತೆ. ಬರಲಿಲ್ಲ. ಕಾರ್ಯಕ್ರಮ ಮುಗಿದದ್ದೇ ಫೋನು ಬಂತು. ಪಪ್ಪ ನಂಬರು ನೋಡಿ ಅದನ್ನು ನನ್ನ ಕೈಗೆ ಕೊಟ್ಟರು. “ಇಲ್ಲ ಅಂತ ಹೇಳು.”

“ಪಪ್ಪ ಇಲ್ಲ, ವಸಂತಣ್ಣ.”

“ಹೌದಾ ಮಗಾ. ಕ್ಯಾಂಪಲ್ಲಿ ಯಾರೂ ನನ್ನತ್ರ ಮಾತಾಡುದಿಲ್ಲ. ನೀನು ಸೂಪರ್‌ವೈಸರ್ ಕಡೆಯವನಾ ಅಂತ ಕೇಳ್ತಾರೆ. ಪಪ್ಪ ಬಂದ್ರೆ ಹೇಳು, ಆಯ್ತಾ?”

ಫೋನಿಟ್ಟು ಪಪ್ಪನನ್ನು ಕೇಳಿದೆ: “ಯಾರು ಕಟ್ ಮಾಡಿದ್ದು?”

“ನಾನೇ. ಅದನ್ನು ಹಾಕಿದ್ರೆ ನಮ್ಮ ವೀಸಾ ಉಳೀತಿರಲಿಲ್ಲ.”

“ಬಟ್ ಯು ಪ್ರಾಮಿಸ್ಡ್!”

ಪಪ್ಪ ಟಿವಿಯ ಸದ್ದು ಜೋರು ಮಾಡಿದರು.

ವಸಂತಣ್ಣ ಮತ್ತೆ ಬರಲಿಲ್ಲ. ಆ ವರ್ಷವೇ ಊರಿಗೆ ಹೋದರಂತೆ, ಎಡಗಿವಿ ಕೇಳಿಸುವುದು ನಿಂತೇ ಹೋಗಿತ್ತಂತೆ.

ಪಪ್ಪನ ಹೆದರಿಕೆ ಏನೆಂದು ಈಗ ನನಗೆ ಗೊತ್ತು. ಅದರ ನೆರಳಿನಲ್ಲೇ ನಾನು ಓದಿ ದೊಡ್ಡವಳಾದೆ. ಆದರೆ ಹತ್ತು ವರ್ಷದ ಹುಡುಗಿ ಅಪ್ಪನ ಮಾತನ್ನು ಹಿಂದೆಮುಂದೆ ನೋಡದೆ ನಂಬುತ್ತಾಳಲ್ಲ, ಆ ನಂಬಿಕೆ ಹೋದದ್ದು ತಿರುಗಿ ಬರಲಿಲ್ಲ. ಪಪ್ಪನ ಮೇಲಿನ ಸಿಟ್ಟು ಕೂಡ ವರ್ಷ ಕಳೆದಂತೆ ಕರಗಿತು. ಕರಗದೆ ಉಳಿದದ್ದು ಫೋನಿನಲ್ಲಿ ಸುಳ್ಳು ಹೇಳಿದ ನನ್ನದೇ ಸ್ವರ. ಮಗು ಹೇಳಿತೆಂದು ವಸಂತಣ್ಣ ಅದನ್ನು ನಂಬಿದ್ದರು.