ಬಿ.ಎ. ಹಿಸ್ಟರಿಯ ಅರ್ಜೂ ಕ್ಯಾಟ್ ಬರೆದದ್ದು

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ ಅರ್ಜೂ ಮಾಡಿದ ಮೊದಲ ಕೆಲಸವೆಂದರೆ ಗಣಿತದ ಪುಸ್ತಕಗಳನ್ನೆಲ್ಲ ಎತ್ತಿಕೊಂಡು ಹೋಗಿ ಪಕ್ಕದ ಮನೆಗೆ ಕೊಟ್ಟು ಬಂದದ್ದು. ಬದುಕಿರೋವರೆಗೂ ಇನ್ನು ಇವುಗಳ ಮುಖ ನೋಡೋ ಹಾಗಿಲ್ಲ ಅಂತ ಅವತ್ತು ಹಾಯಾಗಿ ನಿದ್ದೆ ಮಾಡಿದಳು. ಪಿಯುಸಿಯಲ್ಲಿ ಆರ್ಟ್ಸ್ ತಗೊಂಡಳು. ಆಮೇಲೆ ತುಮಕೂರಿನಲ್ಲೇ ಬಿ.ಎ. ಮಾಡಿದಳು, ಇತಿಹಾಸ ಮತ್ತು ಕನ್ನಡ ಸಾಹಿತ್ಯ. ಯಾವ ರಾಜ ಯಾವ ಕೆರೆ ಕಟ್ಟಿಸಿದ, ಆ ಕೆರೆಯ ನೀರು ಯಾರ ಗದ್ದೆಗೆ ಮೊದಲು ಹರಿಯಿತು ಅನ್ನೋದನ್ನ ಓದುತ್ತ ಕೂತರೆ ಊಟಕ್ಕೆ ಕರೆದದ್ದೂ ಕೇಳುತ್ತಿರಲಿಲ್ಲ.

ಅವಳ ಅಬ್ಬಾ ನಯಾಜ್ ಅಹಮದ್ ಅವರದು ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ಮಗಳು ಬಿ.ಎಡ್. ಮಾಡಿ ಟೀಚರ್ ಆಗ್ತಾಳೆ ಅಂತ ಅವರು ಲೆಕ್ಕ ಹಾಕಿದ್ದರು. ಅರ್ಜೂಗೂ ಅದರ ಮೇಲೆ ತಕರಾರೇನೂ ಇರಲಿಲ್ಲ. ಬಿ.ಎಡ್. ಸೀಟಿಗೆ ಕಾಯುವಷ್ಟು ದಿನ ಸುಮ್ಮನೆ ಕೂರೋದು ಬೇಡ ಅಂತ ಗುಬ್ಬಿಯಲ್ಲಿ ಒಂದು ಕೆಲಸಕ್ಕೆ ಸೇರಿಕೊಂಡಳು. ಸುತ್ತಲಿನ ತೆಂಗು ಬೆಳೆಗಾರರೇ ಸೇರಿ ಕಟ್ಟಿಕೊಂಡ ಸಣ್ಣ ಕಂಪನಿ ಅದು. ಕೊಬ್ಬರಿ ಎಣ್ಣೆ ತೆಗೆಯುತ್ತಿದ್ದರು. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಪತ್ರ ಬರೆಯೋದು, ಮೀಟಿಂಗಿನಲ್ಲಿ ಯಾರು ಏನಂದರು ಅಂತ ಬರೆದಿಟ್ಟುಕೊಳ್ಳೋದು ಅರ್ಜೂ ಪಾಲಿನ ಕೆಲಸ.

ಒಂದು ಸಲ ಹೀಗಾಯ್ತು. ಕೆಲವು ಹಳ್ಳಿಗಳಿಗೆ ಕಾಯಿ ತರೋಕೆ ಕಂಪನಿ ಗಾಡಿ ಹೋದಾಗಲೆಲ್ಲ ಅರ್ಧ ಖಾಲಿಯಾಗಿ ವಾಪಸ್ ಬರುತ್ತಿತ್ತು. ಬೆಂಗಳೂರಿನಿಂದ ಬಂದ ಸಲಹೆಗಾರರು ಪ್ರೊಜೆಕ್ಟರಿನಲ್ಲಿ ಗೋಡೆಯ ಮೇಲೆ ಚಿತ್ರ ತೋರಿಸಿ, ರೈತರಿಗೆ ಪ್ರೋತ್ಸಾಹಧನ ಕೊಡಬೇಕು ಅಂದರು. ಅರ್ಜೂ ಒಂದು ದಿನ ಅದೇ ಗಾಡಿ ಹತ್ತಿಕೊಂಡು ಹೋಗಿ, ಜಗುಲಿ ಮೇಲೆ ಕೂತು ಹೆಂಗಸರ ಜೊತೆ ಹರಟೆ ಹೊಡೆದು ಬಂದಳು. ಗಾಡಿ ಹೋಗುತ್ತಿದ್ದುದು ಸೋಮವಾರ. ಸೋಮವಾರ ಕಾಯಿ ಸುಲಿಯುವವರೆಲ್ಲ ಸಂತೆಗೆ ಹೋಗುತ್ತಿದ್ದರು. ಗಾಡಿಯನ್ನ ಗುರುವಾರಕ್ಕೆ ಬದಲಾಯಿಸಿದ್ದೇ ತಡ, ಮೂಟೆ ಇಡೋಕೆ ಜಾಗ ಸಾಲಲಿಲ್ಲ.

ಕಂಪನಿಯ ಮ್ಯಾನೇಜರ್ ಪ್ರಮೀಳಾ ಅವರು ಅವತ್ತು ಅವಳನ್ನು ಕರೆದು, "ನೀನು ಎಂ.ಬಿ.ಎ. ಮಾಡು ಕಣೇ," ಅಂದರು.

"ಮೇಡಂ, ನಂದು ಹಿಸ್ಟರಿ."

"ಗೊತ್ತು. ಅದಕ್ಕೇ ಹೇಳ್ತಿರೋದು. ಇಲ್ಲಿಗೆ ಬರೋ ಎಂ.ಬಿ.ಎ.ಗಳಿಗೆ ಯಾಕೆ ಅಂತ ಕೇಳೋಕೇ ಬರಲ್ಲ. ನಿಂಗೆ ಅದು ಬರುತ್ತೆ. ಮಿಕ್ಕಿದ್ದು ಕಲಿತ್ಕೋ."

ಒಳ್ಳೆಯ ಕಾಲೇಜು ಬೇಕಂದರೆ ಕ್ಯಾಟ್ ಪರೀಕ್ಷೆ ಬರೆಯಬೇಕು, ಕ್ಯಾಟ್ ಬರೆಯಬೇಕಂದರೆ ಗಣಿತ ಮಾಡಬೇಕು ಅಂತ ಅರ್ಜೂಗೆ ಗೊತ್ತಾದದ್ದು ಎಂ.ಬಿ.ಎ. ಮಾಡ್ತೀನಿ ಅಂತ ಮನೆಯಲ್ಲಿ ಎಲ್ಲರಿಗೂ ಹೇಳಿಯಾದ ಮೇಲೆ. ಪಕ್ಕದ ಮನೆಗೆ ಹೋಗಿ ಹಳೇ ಪುಸ್ತಕ ಇದೆಯಾ ಅಂತ ನಾಚಿಕೆ ಬಿಟ್ಟು ಕೇಳಿದಳು. ಅವರು ಅದನ್ನ ಯಾವತ್ತೋ ಗುಜರಿಗೆ ಹಾಕಿದ್ದರು.

ತುಮಕೂರು ಬಸ್ ಸ್ಟ್ಯಾಂಡ್ ಹತ್ತಿರ, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಕೋಚಿಂಗ್ ಕ್ಲಾಸ್. ಪಾಠ ಮಾಡುವ ರಂಗನಾಥ್ ಸರ್ ಮೊದಲ ದಿನ ಎಲ್ಲರ ಡಿಗ್ರಿ ಕೇಳುತ್ತ ಬಂದರು. ಮೆಕ್ಯಾನಿಕಲ್, ಸಿವಿಲ್, ಮೆಕ್ಯಾನಿಕಲ್, ಕಂಪ್ಯೂಟರ್ ಸೈನ್ಸ್. ಅರ್ಜೂ ಸರದಿ ಬಂತು. "ಬಿ.ಎ., ಹಿಸ್ಟರಿ." ಮುಂದಿನ ಬೆಂಚುಗಳೆಲ್ಲ ಒಟ್ಟಿಗೆ ತಿರುಗಿ ನೋಡಿದವು. ಸರ್ ಕೆಟ್ಟವರಲ್ಲ. "ಇಂಗ್ಲಿಷ್ ಭಾಗ ನಿಮಗೆ ಸುಲಭ ಆಗುತ್ತಮ್ಮ. ಗಣಿತ..." ಅಂತ ಶುರುಮಾಡಿ, ವಾಕ್ಯ ಮುಗಿಸದೆ ಮುಂದಿನವರ ಕಡೆ ಹೋದರು.

ಮೊದಲ ಮಾದರಿ ಪರೀಕ್ಷೆಯಲ್ಲಿ ಅವಳಿಗೆ ಗಣಿತದಲ್ಲಿ ಸೊನ್ನೆಗಿಂತ ಕಡಿಮೆ ಬಂತು. ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ. ಅರ್ಜೂ ಒಂದನ್ನೂ ಬಿಡದೆ ನಿಷ್ಠೆಯಿಂದ ಎಲ್ಲಕ್ಕೂ ಉತ್ತರ ಗುರುತು ಹಾಕಿದ್ದಳು.

"ಪೇಪರ್ ತೆಗೆಯದೆ ನಿದ್ದೆ ಮಾಡಿದ್ರೂ ಇದಕ್ಕಿಂತ ಜಾಸ್ತಿ ಬರ್ತಿತ್ತು," ಅಂದಳು ಪಕ್ಕದಲ್ಲಿ ಕೂತಿದ್ದ ಹುಡುಗಿ, ಮುಖದಲ್ಲಿ ಒಂದಿಷ್ಟೂ ನಗು ಇಲ್ಲದೆ.

ಅರ್ಜೂಗೆ ತಡೆಯೋಕಾಗದೆ ನಗು ಬಂತು. ಹಾಗೆ ಶುರುವಾಯ್ತು ಸುಧಾ ಜೊತೆಗಿನ ಸ್ನೇಹ. ಸುಧಾ ಕುಣಿಗಲ್ ಕಡೆಯವಳು, ಇಂಜಿನಿಯರ್. ಗುಬ್ಬಿ ಹತ್ತಿರದ ಬಿದರೆಹಳ್ಳ ಕಾವಲಿನ ಹೆಲಿಕಾಪ್ಟರ್ ಫ್ಯಾಕ್ಟರಿಯಲ್ಲಿ ಟ್ರೈನಿ. ಉಪ್ಪಾರಹಳ್ಳಿಯಲ್ಲೇ ಒಂದು ಪಿ.ಜಿ.ಯಲ್ಲಿ ರೂಮು ಮಾಡಿಕೊಂಡಿದ್ದಳು. ಗಣಿತದಲ್ಲಿ ಕ್ಲಾಸಿಗೇ ಮೊದಲು, ಆದರೆ ಇಂಗ್ಲಿಷ್ ಗದ್ಯ ಓದಿ ಉತ್ತರಿಸುವ ಭಾಗದಲ್ಲಿ ಎರಡನೇ ಪ್ಯಾರಾಕ್ಕೆ ಬರುವಷ್ಟರಲ್ಲಿ ಆಕಳಿಸುತ್ತಿದ್ದಳು. ಬೆಳಿಗ್ಗೆ ಇಬ್ಬರೂ ಹಿಡಿಯುತ್ತಿದ್ದುದು ಒಂದೇ ಗುಬ್ಬಿ ಬಸ್ಸು. ನೀನು ನನಗೆ ಲೆಕ್ಕ ಹೇಳಿಕೊಡು, ನಾನು ನಿನಗೆ ಓದೋದು ಹೇಳಿಕೊಡ್ತೀನಿ ಅಂತ ಒಪ್ಪಂದವಾಯಿತು.

ಸುಧಾ ಬಸ್ಸಿನಲ್ಲೇ ಏಳನೇ ಕ್ಲಾಸಿನ ಶೇಕಡಾ ಲೆಕ್ಕದಿಂದ ಶುರುಮಾಡಿದಳು. ಅರ್ಜೂಗೆ ತಲೆ ಇರಲಿಲ್ಲ ಅಂತಲ್ಲ, ಅವಳ ತಲೆ ಬೇರೆ ಕಡೆ ಹೋಗುತ್ತಿತ್ತು. ಒಬ್ಬ ದೋಣಿಯಲ್ಲಿ ಪ್ರವಾಹಕ್ಕೆ ಎದುರಾಗಿ ಹೋಗುತ್ತಾನೆ, ಅದೇ ದಾರಿಯಲ್ಲಿ ವಾಪಸ್ ಬರುತ್ತಾನೆ ಅನ್ನುವ ಲೆಕ್ಕ ಬಂತು.

"ಅವನು ಯಾಕೆ ಹೋಗಿದ್ದು?" ಅಂದಳು ಅರ್ಜೂ.

"ಯಾಕಾದ್ರೂ ಹೋಗ್ಲಿ ಬುಡು. ಎಷ್ಟು ಹೊತ್ತಾಯ್ತು ಹೇಳು."

"ತಕ್ಷಣ ವಾಪಸ್ ಬಂದವ್ನೆ ಅಂದ್ರೆ ಅಲ್ಲಿ ಯಾರೂ ಸಿಕ್ಕಿಲ್ಲ."

ಮುಂದಿನ ಸೀಟಿನಲ್ಲಿದ್ದ ಹೆಂಗಸೊಬ್ಬರು ತಿರುಗಿ, "ಪಾಪ," ಅಂದರು. ಸುಧಾ ತಲೆ ಚಚ್ಚಿಕೊಂಡಳು.

ಆದರೆ ಅರ್ಜೂ ಪಾಠ ಮಾಡಲು ಕೂತಾಗ ಸುಧಾಗೂ ಕಣ್ಣು ತೆರೆಯಿತು. "ಪದಕ್ಕೆ ಪದ ಅರ್ಥ ಹುಡುಕ್ಬೇಡ. ಬರೆದೋನು ಯಾರ ಮೇಲೆ ಕೋಪ ಮಾಡ್ಕೊಂಡವ್ನೆ, ಅಷ್ಟು ನೋಡು. ಕೋಪ ಇಲ್ದೆ ಯಾರೂ ಇಷ್ಟುದ್ದ ಬರೆಯಲ್ಲ." ಸುಧಾ ಅಂದಿನಿಂದ ಪ್ರತಿ ಪ್ಯಾರಾದಲ್ಲೂ ಜಗಳ ಹುಡುಕತೊಡಗಿದಳು. ಆಕಳಿಕೆ ನಿಂತಿತು.

ಭಾನುವಾರ ಮಧ್ಯಾಹ್ನ ಅರ್ಜೂ ಮನೆಯಲ್ಲಿ ಓದು. ಅಲ್ಲಿ ಅವಳ ದಾದಿ, ಅಂದರೆ ನಯಾಜ್ ಅಹಮದ್ ಅವರ ತಾಯಿ ಸರ್ವರ್ ಬೇಗಂ, ಅಡಿಕೆ ಕತ್ತರಿಸುತ್ತ ಪಕ್ಕದಲ್ಲೇ ಕೂರುತ್ತಿದ್ದರು. ಒಂದು ದಿನ ಸುಧಾ ಜೋರಾಗಿ ಓದುತ್ತಿದ್ದಳು: ದುಂಡು ಮೇಜಿನ ಸುತ್ತ ಜನ ಕೂತಿದ್ದಾರೆ, ಪಿ ಮತ್ತು ಕ್ಯೂ ಪಕ್ಕಪಕ್ಕ ಕೂರುವುದಿಲ್ಲ.

"ಯಾಕೆ ಕೂರಲ್ಲ?" ಅಂದರು ದಾದಿ.

"ಪ್ರಶ್ನೇಲಿ ಹಂಗೆ ಕೊಟ್ಟವ್ರೆ ಅಜ್ಜಿ."

"ಜಗಳ ಇಲ್ದೆ ಯಾರು ಹಂಗೆ ಕೂರ್ತಾರೆ ಬೇಟಿ. ಏನೋ ಆಗಿದೆ. ನಿಂಗೆ ಹೇಳಿಲ್ಲ ಅಷ್ಟೇ."

ಸುಧಾ ನಕ್ಕು ಬಿಟ್ಟಳು. ಅರ್ಜೂ ಬಿಡಲಿಲ್ಲ. ಪಿ ಅಂದರೆ ಮದುವೆಯಲ್ಲಿ ಬಿರಿಯಾನಿ ಆರಿತ್ತು ಅಂತ ಮಾತು ಬಿಟ್ಟ ಚಿಕ್ಕಮ್ಮ, ಕ್ಯೂ ಅಂದರೆ ಆ ಮದುವೆ ಮಾಡಿದ ಮಾವ ಅಂತ ಹೆಸರಿಟ್ಟಳು. ಮಿಕ್ಕ ಅಕ್ಷರಗಳಿಗೂ ಮನೆಯ ನೆಂಟರೇ ಸಿಕ್ಕರು. ಒಣ ಅಕ್ಷರಗಳಾಗಿದ್ದಾಗ ಕೈಗೆ ಸಿಗದೆ ಜಾರುತ್ತಿದ್ದವರು ಈಗ ತಂತಮ್ಮ ಜಾಗ ತಾವೇ ಹಿಡಿದು ಕೂತರು. ಉತ್ತರ ಸರಿಯಾಗಿತ್ತು. ಅಲ್ಲಿಂದ ಮುಂದೆ ಅಂಥ ಒಗಟುಗಳಲ್ಲಿ ಅವಳು ಸುಧಾಗಿಂತ ಮುಂದೆ ಹೋದಳು. "ನಿಮ್ಮ ನೆಂಟರ ಪರಿಚಯ ನಂಗಿಲ್ವಲ್ಲ," ಅನ್ನೋದು ಸುಧಾಳ ದೂರು.

ಗಣಿತ ಮಾತ್ರ ಆಮೆಯ ಹಾಗೆ ಸಾಗಿತು. ಸೊನ್ನೆಯಿಂದ ಮೇಲೆ ಬಂತು, ಒಂದು ಮಟ್ಟಕ್ಕೆ ಬಂದು ನಿಂತಿತು. ಅವಳು ಕಲಿತ ದೊಡ್ಡ ಪಾಠ ಅಂದರೆ ಬಿಡೋದು. ಬರದ ಪ್ರಶ್ನೆಯನ್ನು ಅರ್ಧ ಓದಿ, ಅದರೊಳಗಿನ ಜನ ಏನಾದರೋ ಅಂತ ಯೋಚಿಸದೆ, ಮುಂದಕ್ಕೆ ಹೋಗೋದು. ನವೆಂಬರಿನಲ್ಲಿ ಪರೀಕ್ಷೆಯ ದಿನ ಅದನ್ನೇ ಮಾಡಿದಳು. ಹೊರಗೆ ಬಂದಾಗ ಸ್ಕೂಟರ್ ಹತ್ತಿರ ಕಾಯುತ್ತಿದ್ದ ಅಬ್ಬಾ ಏನೂ ಕೇಳದೆ ದೋಸೆ ತಿನ್ನೋಣ ಬಾ ಅಂದರು.

ರಿಸಲ್ಟ್ ಬಂತು. ಸುಧಾಳ ಅಂಕ ಅರ್ಜೂಗಿಂತ ಮೇಲಿತ್ತು. ಇಬ್ಬರೂ ಪ್ರಮೀಳಾ ಮೇಡಂಗೆ ಸ್ವೀಟ್ ಕೊಟ್ಟು ಬಂದರು. ಆದರೆ ಕಾಲೇಜುಗಳು ಸಂದರ್ಶನಕ್ಕೆ ಕರೆಯುವ ಹೊತ್ತಿಗೆ ಅರ್ಜೂಗೆ ಎರಡು ಕಡೆಯಿಂದ ಕರೆ ಬಂತು, ಸುಧಾಗೆ ಒಂದೂ ಬರಲಿಲ್ಲ. ಸುಧಾಳಷ್ಟು ಅಂಕ ತೆಗೆದ ಇಂಜಿನಿಯರುಗಳು ದೇಶದ ತುಂಬ ಇದ್ದರು. ಬೇರೆ ವಿಷಯ ಓದಿದವರು ಕಡಿಮೆ, ಅವರಿಗೆ ಆ ಕಾಲೇಜುಗಳು ಸ್ವಲ್ಪ ಹೆಚ್ಚು ತೂಕ ಕೊಡುತ್ತಿದ್ದವು.

ಸುಧಾ ಮರುದಿನ ಬಸ್ಸಿನಲ್ಲಿ ಇರಲಿಲ್ಲ. ಅದರ ಮರುದಿನವೂ ಇಲ್ಲ. ಫ್ಯಾಕ್ಟರಿ ಬಸ್ಸಿಗೆ ಬದಲಾಯಿಸಿಕೊಂಡಿದ್ದಾಳೆ ಅಂತ ಪಿ.ಜಿ.ಯವರು ಹೇಳಿದರು. ಅರ್ಜೂಗೆ ಸಂದರ್ಶನದ ಪತ್ರ ನೋಡಿದರೆ ಕದ್ದ ಮಾಲು ಕೈಯಲ್ಲಿ ಹಿಡಿದ ಹಾಗಾಗುತ್ತಿತ್ತು. ವಾರ ಕಳೆದ ಮೇಲೆ, ಇನ್ನು ಕಾಯೋದು ಬೇಡ ಅನ್ನಿಸಿ, ಭಾನುವಾರ ಕುಣಿಗಲ್ ಬಸ್ ಹತ್ತಿದಳು.

ಸುಧಾಳ ತಾಯಿ ಲಕ್ಷ್ಮೀದೇವಮ್ಮ ಮೊದಲು ಎಳನೀರು ಕೊಟ್ಟು ಆಮೇಲೆ ಮಗಳಿರುವ ಜಾಗ ಹೇಳಿದರು. ಸುಧಾ ಕೆರೆ ಏರಿಯ ಮೇಲೆ ಕೂತಿದ್ದಳು. ಅರ್ಜೂ ಪಕ್ಕದಲ್ಲಿ ಕೂತಳು.

"ನಿನ್ ಮೇಲೆ ಕೋಪ ಇಲ್ಲ ಕಣೇ," ಅಂದಳು ಸುಧಾ. ಆಮೇಲೆ, "ಇದೆ. ಸ್ವಲ್ಪ ಇದೆ."

"ಇರ್ಲಿ. ನಿನ್ ಜಾಗದಲ್ಲಿ ನಾನಿದ್ದಿದ್ರೆ ಇನ್ನೂ ಜಾಸ್ತಿ ಇರ್ತಿತ್ತು."

"ನಾನು ಹೇಳಿಕೊಟ್ಟಿದ್ದು ಸುಮ್ನೆ ಹೋಗ್ಬಾರ್ದು ಅಂತಾನೂ ಇದೆ. ಎರಡೂ ಒಟ್ಟಿಗೆ ಇದಾವೆ, ಏನ್ಮಾಡ್ಲಿ." ಸುಧಾ ಬೆನ್ನು ನೆಟ್ಟಗೆ ಮಾಡಿ ಕೂತು ಅವಳ ಕಡೆ ತಿರುಗಿದಳು. "ಹೇಳಿ ಮಿಸ್ ಅರ್ಜೂ. ಇತಿಹಾಸ ಓದಿದವರಿಗೆ ಇಲ್ಲೇನು ಕೆಲಸ?"

ಅವತ್ತು ಕೆರೆ ಏರಿ ಮೇಲೆ ನಡೆದಷ್ಟು ಕಟುವಾದ ಸಂದರ್ಶನ ಆಮೇಲೆ ಯಾವ ಕಾಲೇಜಿನಲ್ಲೂ ನಡೆಯಲಿಲ್ಲ. ಸುಧಾ ಉತ್ತರ ಅರ್ಧದಲ್ಲೇ ಕತ್ತರಿಸಿದಳು, ಸುಳ್ಳು ಹೇಳಿದಾಗ ಹಿಡಿದಳು, ನಗಲೇ ಇಲ್ಲ. ನಿಜವಾದ ಸಂದರ್ಶನದಲ್ಲಿ ಒಬ್ಬ ಪ್ರೊಫೆಸರ್ ತುಮಕೂರು ಕಡೆಯ ಹಳೇ ಕೆರೆಗಳ ವಿಷಯ ಎತ್ತಿದರು. ಹೂಳು ತೆಗೆಯುವ ಖರ್ಚು ಯಾರು ಹೊರುತ್ತಿದ್ದರು, ಬೇಡ ಅಂದವರನ್ನು ಹೇಗೆ ಒಪ್ಪಿಸುತ್ತಿದ್ದರು. ಹೇಳುತ್ತ ಹೇಳುತ್ತ ಅರ್ಜೂಗೆ ತಾನು ಎಲ್ಲಿ ಕೂತಿದ್ದೀನಿ ಅನ್ನೋದೇ ಮರೆತುಹೋಯಿತು. ಕೊನೆಗೆ ಅವರೇ, ಸಾಕಮ್ಮ, ಹೊರಗೆ ಇನ್ನೂ ಜನ ಕಾಯ್ತಿದ್ದಾರೆ, ಅನ್ನಬೇಕಾಯಿತು.

ಸೀಟು ಸಿಕ್ಕಿತು. ಸುಧಾಳನ್ನು ಅದೇ ತಿಂಗಳು ಫ್ಯಾಕ್ಟರಿಯಲ್ಲಿ ಹೆಲಿಕಾಪ್ಟರಿನ ರೆಕ್ಕೆ ಪರೀಕ್ಷಿಸುವ ವಿಭಾಗಕ್ಕೆ ಹಾಕಿದರು. ಮತ್ತೆ ಕ್ಯಾಟ್ ಬರೀತೀಯಾ ಅಂತ ಕೇಳಿದರೆ, "ಬರೀಬಹುದು. ಮೊದಲು ಒಂದು ಹಾರೋದು ನೋಡ್ಬೇಕು," ಅಂದಳು.

ಜೂನ್ ತಿಂಗಳಲ್ಲಿ ಅರ್ಜೂ ಹಾಸ್ಟೆಲಿಗೆ ಹೊರಡುವ ಹಿಂದಿನ ದಿನ ನಯಾಜ್ ಅಹಮದ್ ಅಂಗಡಿಯಿಂದ ಒಳ್ಳೆಯ ಶಾಮಿಯಾನ ತಂದು ಮನೆ ಮುಂದೆ ಹಾಕಿದರು. ಊರಿನ ಮದುವೆಗಳಿಗೆಲ್ಲ ಹಾಕಿದ್ದರೂ ಸ್ವಂತ ಮನೆಗೆ ಅಂತ ಹಾಕಿದ್ದು ಇದೇ ಮೊದಲು. ಪ್ರಮೀಳಾ ಮೇಡಂ ಬಂದರು, ಸುಧಾ ತಾಯಿಯನ್ನ ಕರೆದುಕೊಂಡು ಬಂದಳು, ಬೀದಿಯವರೂ ಬಂದರು. ಊಟದ ನಡುವೆ ಮಳೆ ಹಿಡಿಯಿತು. ಶಾಮಿಯಾನದ ಒಂದು ಮೂಲೆಯಲ್ಲಿ ನೀರು ತುಂಬಿ ಜೋತು ಬಿದ್ದಾಗ ನಯಾಜ್ ಅಹಮದ್ ಕೋಲು ತಗೊಂಡು ಎದ್ದರು. ಅರ್ಜೂ ಎಂಜಲು ಕೈಯಲ್ಲೇ ಓಡಿ ಬಂದು ಅವರ ಜೊತೆ ಕೋಲಿಗೆ ಕೈ ಹಾಕಿ ನೀರನ್ನ ಆಚೆಗೆ ತಳ್ಳಿದಳು.