ಅಣ್ಣನ ಹೊಟ್ಟೆಯ ಮಿಡಿತ

ಸುರಪುರದ ನಮ್ಮ ಓಣಿಯಲ್ಲಿ ಯಾರಿಗೆ ಹೊಟ್ಟೆ ಹಿಡಿದುಕೊಂಡರೂ ಮೊದಲು ನನ್ನ ಬಾಗಿಲು ಬಡಿಯುತ್ತಿದ್ದರು. ಭಾರ ಎತ್ತಿದಾಗ ಹೊಕ್ಕುಳು ತನ್ನ ಜಾಗ ಬಿಟ್ಟು ಸರಿಯುತ್ತದೆ, ಅದರಿಂದಲೇ ನೋವು ಅನ್ನುವುದು ನಮ್ಮ ಕಡೆಯ ನಂಬಿಕೆ. ಬಟ್ಟಿ ಸರಿದಿದೆ ಅನ್ನುತ್ತೇವೆ. ಖಾಲಿ ಹೊಟ್ಟೆಯಲ್ಲಿ ಮಲಗಿಸಿ, ಹೆಬ್ಬೆರಳು ಒತ್ತಿ, ಒಳಗಿನ ಮಿಡಿತ ಎಲ್ಲಿದೆ ಎಂದು ಹುಡುಕಿ, ಎಣ್ಣೆ ಹಚ್ಚಿ ತಿಕ್ಕಿ ಅದನ್ನು ನಡುವಿಗೆ ತರಬೇಕು. ಅಜ್ಜಿ ಕಲಿಸಿದ್ದಳು. ನನ್ನ ಕೈಗುಣ ಚಲೋ ಅನ್ನುತ್ತಿದ್ದರು, ನನಗೂ ಜಂಬವೇನು ಕಡಿಮೆ ಇರಲಿಲ್ಲ.

ಹೋದ ವರ್ಷ ಒಂದು ಬೆಳಿಗ್ಗೆ ಅಣ್ಣ ಭೀಮರಾಯನಗುಡಿಯಿಂದ ಬಸ್ಸಿನಲ್ಲಿ ಬಂದ. ಕಾಲುವೆಯ ಗೇಟು ಎತ್ತಿ ಇಳಿಸುವ ಕೆಲಸದಲ್ಲೇ ಮುದುಕನಾದವನು, ಬೀಡಿ ಬಿಟ್ಟವನಲ್ಲ. ಮೂರು ದಿನದಿಂದ ಹೊಟ್ಟೆ, ಬೆನ್ನು ಎರಡೂ ನೋಯುತ್ತಿವೆಯಂತೆ. ಶಹಾಪುರದ ಡಾಕ್ಟರಿಗೆ ತೋರಿಸೋಣ ಅಂತ ಅತ್ತಿಗೆ ಅಂದರೆ, ತಂಗಿ ಇರುವಾಗ ಡಾಕ್ಟರು ಯಾಕೆ ಅಂದನಂತೆ. ಕೇಳಿ ಹಿಗ್ಗಿದೆ. ಚಾಪೆ ಹಾಸಿದೆ.

ಹೆಬ್ಬೆರಳು ಇಟ್ಟ ಕೂಡಲೇ ಅಂಗೈಯನ್ನೂ ಇಟ್ಟು ನೋಡಿದೆ. ಬೇರೆಯವರ ಹೊಟ್ಟೆಯಲ್ಲಿ ಮಿಡಿತ ಒಂದು ಬೆರಳಿನ ತುದಿಗೆ ಸಿಗುತ್ತದೆ, ಅದನ್ನೂ ಹುಡುಕಬೇಕು. ಅಣ್ಣನದು ನಾಲ್ಕು ಬೆರಳಿನ ಅಗಲ. ಅಂಗೈಯನ್ನೇ ಮೇಲಕ್ಕೆ ಎತ್ತುತ್ತಿತ್ತು, ಬಿಡುತ್ತಿತ್ತು. ಒಳಗೆ ಇನ್ನೊಂದು ಜೀವ ಮಲಗಿದೆ, ಅದಕ್ಕೆ ಎಚ್ಚರವಾಗಿದೆ ಅನ್ನಿಸಿತು. ಇದು ಬಟ್ಟಿಯಲ್ಲ ಎಂದು ನನಗೆ ಆಗಲೇ ಗೊತ್ತಾಯಿತು. ಗೊತ್ತಾಗಲಿಲ್ಲ ಅಂದರೆ ನನ್ನ ಬಾಯಲ್ಲಿ ಹುಳ ಬೀಳಲಿ. ಆದರೆ ನಲವತ್ತು ವರ್ಷದಲ್ಲಿ ನನಗೆ ತಿಳಿಯಲಿಲ್ಲ ಅಂದ ಬಾಯಲ್ಲ ಇದು. ಸರಿದಿದೆ ಅಂದೆ. ಎಣ್ಣೆ ಹಚ್ಚಿ ತಿಕ್ಕಿದೆ. ಹಗುರಾಯಿತು ಅಂದ, ಚಹಾ ಕುಡಿದು ಹೋದ.

ಮರುದಿನ ಮಧ್ಯಾಹ್ನ ತನ್ನ ಮನೆಯ ಅಂಗಳದಲ್ಲಿ ಕುಸಿದ. ಶಹಾಪುರ, ಯಾದಗಿರಿ ದಾಟಿ ಹೈದರಾಬಾದಿಗೆ ಒಯ್ಯುವಷ್ಟರಲ್ಲಿ ಅಂಗಾಲು ತಣ್ಣಗಾಗಿದ್ದವು. ಎದೆಯಿಂದ ಹೊಟ್ಟೆಗೆ ಇಳಿಯುವ ದೊಡ್ಡ ರಕ್ತನಾಳ ಉಬ್ಬಿ ಒಡೆದಿತ್ತು. ಹೊಟ್ಟೆ ಕೊಯ್ದು, ರಕ್ತ ನಿಲ್ಲಿಸಲು ನಾಳವನ್ನು ಮೇಲುಗಡೆ ಬಿಗಿಹಿಡಿದು, ಒಡೆದ ಕಡೆ ಬಟ್ಟೆಯಂಥ ಕೊಳವೆ ಹೊಲಿದರು. ಜೀವ ಉಳಿಯಿತು. ಆದರೆ ಅಷ್ಟು ಹೊತ್ತು ರಕ್ತ ಕಾಣದ ಕಿಡ್ನಿಗಳು ಕೆಲಸ ನಿಲ್ಲಿಸಿಬಿಟ್ಟಿದ್ದವು. ಮಂಚಕ್ಕೆ ಕಟ್ಟಿದ ಉಚ್ಚೆಯ ಚೀಲ ಮೂರು ದಿನ ಒಣಗಿಯೇ ಇತ್ತು. ದೇವರ ಮುಂದೆ ಎಂದೂ ಬೇಡದವಳು ಆ ಚೀಲದ ಮುಂದೆ ನಿಂತು ಬೇಡಿದೆ, ನಾಲ್ಕು ಹನಿಯಾದರೂ ಬೀಳಲಿ ಅಂತ.

ಅಲ್ಲಿಂದಲೇ ನನ್ನ ಹೆಬ್ಬೆರಳಿಗೆ ಆ ಮಿಡಿತ ಹತ್ತಿಕೊಂಡಿತು. ಆಸ್ಪತ್ರೆಯ ಕಬ್ಬಿಣದ ಕುರ್ಚಿ ಮುಟ್ಟಿದರೂ, ಗೋಡೆ ಮುಟ್ಟಿದರೂ ಒಳಗೆ ಏನೋ ಎತ್ತುತ್ತಿತ್ತು, ಬಿಡುತ್ತಿತ್ತು. ಬುತ್ತಿಯ ರೊಟ್ಟಿ ಮುರಿಯಲು ಹೋದರೆ ಅದರೊಳಗೂ. ಯಾರಿಗೆ ಹೇಳಲಿ? ಹೇಳಿದರೆ ನನ್ನನ್ನೂ ಒಂದು ಮಂಚಕ್ಕೆ ಹಾಕುತ್ತಿದ್ದರು. ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿರುತ್ತಿದ್ದೆ. ನಾಲ್ಕನೆಯ ದಿನ ಅಣ್ಣನ ಗಂಟಲಿಗೆ ಹಾಕಿದ್ದ ಉಸಿರಿನ ಕೊಳವೆ ತೆಗೆದು, ರಕ್ತ ತೊಳೆಯುವ ಯಂತ್ರ ಹಚ್ಚಿದ್ದರು. ಒಳಗೆ ಹೋಗಿ, ಮಂಚದಿಂದ ಎರಡು ಮಾರು ದೂರ, ಅವನ ಕಾಲ ಕಡೆ ನಿಂತೆ. ಅಣ್ಣ ಕಣ್ಣು ಮುಚ್ಚಿಕೊಂಡೇ ಅಂದ:

"ತಂಗಿ, ಕೈ ತಗಿ. ಭಾಳ ಒತ್ತಾಕತ್ತಿ."

ರಕ್ತದಲ್ಲಿ ನಂಜು ಏರಿದಾಗ ಹೀಗೆಲ್ಲ ಮಾತಾಡುತ್ತಾರೆ ಅಂದಳು ನರ್ಸು. ನಂಜೋ ಏನೋ, ನಾನು ಒಳಗೆ ಬಂದದ್ದನ್ನು ಅವನಿಗೆ ಯಾರೂ ಹೇಳಿರಲಿಲ್ಲ.

ಡಾಕ್ಟರನ್ನು ತಡೆದು ಕೇಳಿದೆ, ತಿಕ್ಕಿದ್ದರಿಂದ ಒಡೆಯಿತೇ ಅಂತ. ಹೇಳಲಾಗದು, ಮುಟ್ಟದಿದ್ದರೂ ಒಡೆಯಬಹುದಿತ್ತು ಅಂದರು. ಒಡೆಯುವ ಮೊದಲು ಬಂದಿದ್ದರೆ ಸಾವಕಾಶವಾಗಿ ಆಪರೇಷನ್ ಮಾಡಬಹುದಿತ್ತು, ಕಿಡ್ನಿಗಳು ಬಹುಶಃ ಉಳಿಯುತ್ತಿದ್ದವು ಅಂತಲೂ ಅಂದರು. ಆ ಒಂದು ದಿನವನ್ನು ನಾನು ಚಾಪೆಯ ಮೇಲೆ ಕಳೆದಿದ್ದೆ. ಮಾಡಿದ್ದುಣ್ಣೋ ಮಹಾರಾಯ ಅಂತಾರೆ. ಮಾಡಿದವಳು ನಾನು, ಉಣ್ಣುವವನು ಅವನು. ಅತ್ತಿಗೆಯ ಮುಖ ನೋಡಲು ನನಗೆ ನಾಚಿಕೆಯಾಗುತ್ತಿತ್ತು.

ಕಿಡ್ನಿಗಳು ಮತ್ತೆ ಎಚ್ಚರಾಗಲಿಲ್ಲ. ಈಗ ವಾರಕ್ಕೆ ಮೂರು ಸಲ ಯಾದಗಿರಿಗೆ ಹೋಗಿ ಡಯಾಲಿಸಿಸ್ ಮಾಡಿಸಬೇಕು. ಅದಕ್ಕಾಗಿ ಎಡಗೈ ಮಣಿಕಟ್ಟಿನಲ್ಲಿ ಎರಡು ರಕ್ತನಾಳ ಕೂಡಿಸಿದ್ದಾರೆ. ಅಲ್ಲಿ ಚರ್ಮದ ಕೆಳಗೆ ರಕ್ತ ಗುಂಯ್ ಅನ್ನುತ್ತ ಹರಿಯುತ್ತಿರಬೇಕು. ದಿನಾ ಬೆಳಿಗ್ಗೆ ಮುಟ್ಟಿ ನೋಡಿ, ನಿಂತಿದ್ದರೆ ಕೂಡಲೇ ಬನ್ನಿ ಅಂದಿದ್ದಾರೆ. ಗೇಟಿನ ಹಿಡಿಕೆ ತಿರುವಿ ತಿರುವಿ ಅಣ್ಣನ ಬೆರಳು ಜಡ್ಡುಗಟ್ಟಿವೆ, ಅವನಿಗೆ ತಿಳಿಯದು. ಅತ್ತಿಗೆ ನೋಡುತ್ತಾಳೆ. ನಾನಂತೂ ಯಾರ ಮೈಯನ್ನೂ ಮುಟ್ಟುವುದು ಬಿಟ್ಟಿದ್ದೆ.

ಹೋದ ವಾರ ನಾನು ಭೀಮರಾಯನಗುಡಿಗೆ ಹೋದಾಗ ಅತ್ತಿಗೆ ತವರಿಗೆ ಹೋಗಿದ್ದಳು. ಅಣ್ಣ ಎಡಗೈ ಚಾಚಿದ. ಹಿಂದೆ ಸರಿದೆ. ಸರಿಯುತ್ತಲೇ ಇಷ್ಟು ದಿನ ನುಂಗಿಕೊಂಡದ್ದು ಹೊರಗೆ ಬಂತು.

"ಅಣ್ಣ, ಅವತ್ತು ನನಗ ಗೊತ್ತಾಗಿತ್ತು. ಅದು ಬಟ್ಟಿ ಅಲ್ಲ ಅಂತ."

ನನಗೂ ಗೊತ್ತಾಗಿತ್ತು ಅಂದ. "ಸರಿದದ ಅನ್ನೂವಾಗ ನೀ ನನ್ನ ಮಾರಿ ನೋಡಲಿಲ್ಲ. ದವಾಖಾನಿ ಅಂದ್ರ ನನಗ ಅಂಜಿಕಿ. ಅದಕ್ಕ ನೀ ಹೇಳಿದ್ದ ಖರೆ ಅಂದಕೊಂಡೆ." ಚಾಚಿದ ಕೈಯನ್ನು ಅವನು ಹಿಂದೆ ತೆಗೆದುಕೊಂಡಿರಲಿಲ್ಲ. "ಈಗರೆ ಇದ್ದದ್ದು ಇದ್ದಂಗ ಹೇಳು."

ಹೆಬ್ಬೆರಳು ಇಟ್ಟೆ. ಕಾದೆ. ಒಂದು ಚೂರು ಮೇಲೆ ಇಟ್ಟೆ, ಕೆಳಗೆ ಇಟ್ಟೆ. ಗೋಡೆಯಲ್ಲೂ ರೊಟ್ಟಿಯಲ್ಲೂ ಮಿಡಿತ ಕಂಡಿದ್ದ ಬೆರಳಿಗೆ ಇಲ್ಲಿ ಏನೂ ಸಿಗಲಿಲ್ಲ. ಅಣ್ಣ ನನ್ನ ಮುಖವನ್ನೇ ನೋಡುತ್ತಿದ್ದ. ಹರಿಯುತ್ತಿದೆ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು, ದೇವರಾಣೆ.

"ನಿಂತದ ಅಣ್ಣ," ಅಂದೆ. "ಏಳು, ಯಾದಗಿರಿಗಿ ಹೋಗೋಣ."