ಕೊತ್ತತ್ತಿಯಲ್ಲೂ ಓಪನ್ ಆಗಬೇಕು

ಹೆಡ್‌ಫೋನಿನ ಪಟ್ಟಿಯನ್ನು ದೊಡ್ಡವ್ವ ತಲೆಯ ಮೇಲೆ ಹಾಕಿಕೊಂಡವಳೇ ಅಲ್ಲ, ಗದ್ದದ ಕೆಳಗೆ. ತುರುಬಿನ ಕನಕಾಂಬರ ನಲುಗಬಾರದಲ್ಲ, ಅದಕ್ಕೆ. ಜಾರುವ ಪಟ್ಟಿಯನ್ನು ಒಂದು ಕೈಯಲ್ಲಿ ಹಿಡಿದು, ಎಲೆಅಡಿಕೆಯನ್ನು ಎಡದವಡೆಗೆ ಸರಿಸಿ, ನನ್ನ ಲ್ಯಾಪ್‌ಟಾಪಿನಲ್ಲಿ ಓಡುವ ಹಸಿರು ಅಲೆಗಳನ್ನು ನೋಡುತ್ತಿದ್ದಳು. ಕೆಮ್ಮಿದರೆ ಅಲೆ ಏಳುತ್ತದೆಂದು ಗೊತ್ತಾದ ದಿನ ಬೇಕೆಂದೇ ಕೆಮ್ಮಿದಳು, ಬಳೆ ಆಡಿಸಿದಳು, ಕೊನೆಗೆ ಹಿತ್ತಿಲಿನ ಕೋಳಿಯನ್ನು ಹಿಡಿದು ತಂದು ಅದರ ಅಲೆ ಹೇಗಿರುತ್ತದೆಂದೂ ನೋಡಿದಳು.

ಬೆಸಗರಹಳ್ಳಿಯಲ್ಲಿ ಸೋಬಾನೆ ಎಂದರೆ ದೊಡ್ಡವ್ವ. ಮದುವೆ ಮನೆಯಲ್ಲಿ ಅವಳು ಒಂದು ಸಾಲು ಹಾಡಿದರೆ ಅದನ್ನು ಹಿಡಿದು ಎತ್ತುವವಳು, ಅಂದರೆ ಸೊಲ್ಲು ಕೊಡುವವಳು, ಕೊತ್ತತ್ತಿಯ ಅವಳ ಜೊತೆಗಾತಿ. ಇಬ್ಬರೂ ಲಂಗ ಉಡುತ್ತಿದ್ದ ಕಾಲದಿಂದ ಹಾಗೇ. ಜೊತೆಗಾತಿಗೆ ಮಂಡಿನೋವು ಬಂದು ಬಸ್ಸು ಹತ್ತುವುದು ನಿಂತ ಮೇಲೆ ದೊಡ್ಡವ್ವನೂ ಹಾಡು ನಿಲ್ಲಿಸಿಬಿಟ್ಟಳು. ಬೇರೆಯವರು ಸೊಲ್ಲು ಕೊಡಲು ಬಂದರೆ ಒಪ್ಪಳು. ಅವರೆಲ್ಲ ಗಿಣಿಯ ಹಾಗೆ ತಾನಂದದ್ದನ್ನೇ ಅನ್ನುತ್ತಾರಂತೆ. ಜೊತೆಗಾತಿಯಾದರೆ ಸಾಲು ಸರಿಯಿಲ್ಲ ಅನ್ನಿಸಿದರೆ ನಡುವೆಯೇ ತಡೆದು ಬೇರೆಯದನ್ನು ಎತ್ತುತ್ತಾಳಂತೆ.

ನಾನು ಮಂಡ್ಯದ ನನ್ನ ಕೋಣೆಯಲ್ಲಿ ವಿಡಿಯೋ ನೋಡಿ ನೋಡಿಯೇ ರೆಕಾರ್ಡಿಂಗ್ ಕಲಿಯುತ್ತಿದ್ದವಳು. ಇವರಿಬ್ಬರನ್ನೂ ಕಂಪ್ಯೂಟರಿನೊಳಗೆ ಸೇರಿಸಿದರೆ ಹೇಗೆ ಎಂದು ತಲೆಗೆ ಬಂತು. ಬಂದದ್ದೇ ತಡ, ಭಾನುವಾರ ಬಂದರೆ ಮದ್ದೂರಿನಲ್ಲಿ ಬಸ್ಸು ಬದಲಿಸಿ ದೊಡ್ಡವ್ವನ ಮನೆಗೆ ಹಾಜರು.

ಮೊದಲು ಫೋನಿನಲ್ಲೇ ಇಬ್ಬರನ್ನೂ ಎದುರುಬದುರು ಕೂರಿಸಿದೆ. ದನಿ ಅತ್ತ ತಲುಪುವುದು ಒಂಚೂರು ತಡ. ಇವಳು ಸೊಲ್ಲಿಗೆ ಕಾದಳು, ಅವಳು ಸಾಲಿಗೆ ಕಾದಳು, ಹಾಡು ನಿಧಾನವಾಗುತ್ತಾ ಹೋಗಿ ನಿಂತೇಬಿಟ್ಟಿತು.

“ಏನಮ್ಮಿ, ಸೊಲ್ಲ ಎಮ್ಮೆ ಮ್ಯಾಲೆ ಕೂರ್ಸಿ ಕಳಿಸ್ತಿದ್ದೀಯಾ?” ಎಂದಳು ದೊಡ್ಡವ್ವ.

“ನೀನ್ ಆಡೋದೇ ಬಾಣಂತಿ ನಡ್ದಂಗದೆ, ನನ್ನ ಯಾಕಂತೀಯ” ಎಂದಿತು ಫೋನು.

ಆಮೇಲೆ ಒಬ್ಬೊಬ್ಬರನ್ನೇ ರೆಕಾರ್ಡ್ ಮಾಡಿ ಜೋಡಿಸುವುದೆಂದಾಯಿತು. ಯಾವ ಕಂಪ್ಯೂಟರಿನಲ್ಲಿ? ಹಾಡಿಗೆ ತಾಳ ಕೂಡಿಸಲು ಒಪ್ಪಿದ್ದ ಮಳವಳ್ಳಿಯ ಗೆಳೆಯನ ಹತ್ತಿರ ಮ್ಯಾಕ್ ಇತ್ತು. ನನ್ನದು ವಿಂಡೋಸ್, ಕುತೂಹಲಕ್ಕೆ ಲಿನಕ್ಸ್ ಹಾಕಲು ಹೋಗಿ ಮೈಕ್ ಯಾಕೆ ಕೇಳಿಸುತ್ತಿಲ್ಲ ಎಂದು ದಿನಗಟ್ಟಲೆ ತಡಕಾಡಿದ್ದೆ. ಕೊತ್ತತ್ತಿಯಲ್ಲಿ ಜೊತೆಗಾತಿಯ ಮೊಮ್ಮಗಳದು ಒಂದು ಹಳೇ ವಿಂಡೋಸ್ ಡೆಸ್ಕ್‌ಟಾಪ್, ಆನ್ ಮಾಡಿದರೆ ಹಿಟ್ಟಿನ ಗಿರಣಿಯ ಸದ್ದು. ಗೆಳೆಯನ ಮ್ಯಾಕ್‌ನಲ್ಲಿ ಮಾತ್ರ ನಡೆಯುವ ಒಂದು ಸಾಫ್ಟ್‌ವೇರ್ ನನ್ನನ್ನು ಮರುಳು ಮಾಡಿತ್ತು. ಅದೇ ಸರಿ ಎಂದು ತೀರ್ಮಾನಿಸಿ ದೊಡ್ಡವ್ವನಿಗೆ ವಿವರಿಸಿದೆ.

ಅವಳು ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದಳು. “ಅವಳ್ ಮನೇಲೂ ಓಪನ್ ಆಯ್ತದಾ?”

ಆಗಬೇಕಿಲ್ಲ ಎಂದೆ. ಅವರ ದನಿ ಫೋನಿನಲ್ಲಿ ತರಿಸಿಕೊಂಡು, ಇಲ್ಲೇ ಜೋಡಿಸಿ, ಪೂರ್ತಿ ಹಾಡು ಕಳಿಸಿದರೆ ಕೇಳುತ್ತಾರಲ್ಲ.

ದೊಡ್ಡವ್ವ ಹೆಡ್‌ಫೋನು ತೆಗೆದು ನನ್ನ ಮಡಿಲಿಗೆ ಇಟ್ಟಳು.

“ಅಂಗಾದ್ರೆ ಅದು ನಿಮ್ ಆಡು ಕಣವ್ವ. ನಾನ್ ಆಡಿದ್ದ ಕತ್ತರ್ಸೋಕೆ ಅವಳ್ಗೂ ಕೈ ಇರ್ಬೇಕು. ಬರೀ ಕೇಳು ಅಂತ ಕಳಿಸ್ಬುಟ್ರೆ, ಅವಳೇನ್ ಮದ್ವೆಗೆ ಬಂದ ನೆಂಟ್ರಾ?”

ಆ ಭಾನುವಾರ ಅವಳು ಹಾಡಲಿಲ್ಲ. ಕಾಫಿ ಕುಡಿಸಿ ಕಳಿಸಿದಳು.

ಗೆಳೆಯನ ಜೊತೆ ದೊಡ್ಡ ಜಗಳವಾಯಿತು. ಮುದುಕಿಯರಿಗಾಗಿ ಒಳ್ಳೆಯ ಸಾಫ್ಟ್‌ವೇರ್ ಬಿಡುವುದೇ ಎಂದು ಮುನಿಸಿಕೊಂಡ. ಕೊನೆಗೆ ಅವನೇ ಹುಡುಕಿ, ಮೂರೂ ಕಡೆ ನಡೆಯುವ ಸಾದಾ ಒಂದನ್ನು ಆರಿಸಿದ. ಒಂದೇ ಕಟ್ಟಳೆ ಮಾಡಿಕೊಂಡೆವು: ಕೊತ್ತತ್ತಿಯ ಡೆಸ್ಕ್‌ಟಾಪಿನಲ್ಲಿ ಓಡದ್ದನ್ನು ಯಾರೂ ಹಾಕಬಾರದು. ಗುಡಿಯೊಳಗೆ ಹಾಡಿದಂತೆ ಮಾಡುವ ನನ್ನ ಪ್ರೀತಿಯ ಎಫೆಕ್ಟು ಹಾಗೇ ಹೋಯಿತು.

ದೊಡ್ಡವ್ವನಿಂದ ಒಂದು ಹಾಡು ಹಾಡಿಸಿ ಕಳಿಸಿದೆ. ಕೊತ್ತತ್ತಿಯಿಂದ ಫೈಲು ಮರಳಿ ಬಂದಾಗ ದೊಡ್ಡವ್ವನ ಒಂದು ಸಾಲೇ ನಾಪತ್ತೆ. ಜೊತೆಗಾತಿ ಮೊಮ್ಮಗಳಿಂದ ಅದನ್ನು ಕತ್ತರಿಸಿ ತೆಗೆಸಿ, ಆ ಜಾಗದಲ್ಲಿ ತಾನೇ ಬೇರೆ ಸಾಲು ಹಾಡಿದ್ದಳು. ಕೋಪ ಬರುತ್ತದೆಂದು ನಾನು ಹೆದರಿದ್ದರೆ, ದೊಡ್ಡವ್ವ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. “ನೋಡ್ದಾ, ಕತ್ತರ್ಸವ್ಳೆ! ಇನ್ನ ಆಡಾನ.”

ಸೊಲ್ಲಿಗೆಂದು ಅವಳು ಬಿಡುತ್ತಿದ್ದ ಜಾಗದಲ್ಲಿ ಸುಮ್ಮನಿರುತ್ತಿರಲಿಲ್ಲ. “ಎತ್ತಮ್ಮಿ” ಎನ್ನುವಳು, ಎಲೆಅಡಿಕೆ ಜಗಿಯುವಳು. ಮೊದಮೊದಲು ನಾನು ಅದನ್ನೆಲ್ಲ ಅಳಿಸುತ್ತಿದ್ದೆ. ಅದೂ ಹಾಡೇ ಎಂದು ಆಮೇಲೆ ಗೊತ್ತಾಯಿತು, ಅಳಿಸುವುದನ್ನು ಬಿಟ್ಟೆ.

ಹೋದ ವರ್ಷ ದೊಡ್ಡವ್ವ ಎದೆನೋವೆಂದು ಮಂಡ್ಯದ ಆಸ್ಪತ್ರೆಗೆ ಬಂದವಳು ಮನೆಗೆ ಮರಳಲಿಲ್ಲ. ಅದರ ಹಿಂದಿನ ಭಾನುವಾರ ಹಾಡಿದ್ದ ಹಸೆಗೆ ಕರೆಯುವ ಹಾಡು ನನ್ನ ಲ್ಯಾಪ್‌ಟಾಪಿನಲ್ಲೇ ಉಳಿದಿತ್ತು, ಸೊಲ್ಲಿನ ಜಾಗದಲ್ಲೆಲ್ಲ ಬರೀ “ಎತ್ತಮ್ಮಿ”. ಕಳಿಸಲೋ ಬೇಡವೋ ಎಂದು ತಿಂಗಳುಗಟ್ಟಲೆ ಒದ್ದಾಡಿದೆ. ಕೊನೆಗೆ ಕೊತ್ತತ್ತಿಯಿಂದಲೇ ಫೋನು ಬಂತು. “ಅವಳು ಕಡೇಲಿ ಆಡಿದ್ದು ಎಲ್ಲದವ್ವ, ಕಳ್ಸು” ಎಂದಳು ಜೊತೆಗಾತಿ. ಕಳಿಸಿದೆ.

ಓಪನ್ ಆಯಿತಂತೆ.

ಮರಳಿ ಬಂದ ಫೈಲಿನಲ್ಲಿ ಯಾವ ಸಾಲೂ ಕತ್ತರಿಸಿರಲಿಲ್ಲ. ಪ್ರತಿ “ಎತ್ತಮ್ಮಿ”ಗೂ ಸೊಲ್ಲು ಕೂತಿತ್ತು. ಕೊನೆಯ ಸೊಲ್ಲಾದ ಮೇಲೆ ಮಾತ್ರ, “ಊಂ, ಮುಂದಿಂದು ಯೋಳು” ಎಂದು ಸಣ್ಣ ದನಿ. ಅದಾದ ಮೇಲೆ ಒಂದು ಸಾಲು ಹಿಡಿಸುವಷ್ಟು ಜಾಗ ಬಿಟ್ಟು ರೆಕಾರ್ಡಿಂಗ್ ನಿಂತಿದೆ.

ಆ ಜಾಗವನ್ನು ನಾನು ಕತ್ತರಿಸಿಲ್ಲ.